ನೆತ್ತಿಗೆ ಒಂದೆಲಗ

ಒರಳಲ್ಲಿ ಎಲೆ ನುರಿದಂತೆಲ್ಲ ಆ ಹಸಿ ಕಹಿ ವಾಸನೆ ಮೂಗಿಗೇರಿತು, ಬಚ್ಚಲ ನೀರು ಹರಿಯುವ ಜಾಗದ ತೇವದ ವಾಸನೆ, ಆದಿಲಕ್ಷ್ಮಿಗೆ ಇಷ್ಟವಾದ ವಾಸನೆಯೇ ಅದು, ಇವತ್ತು ಮಾತ್ರ ಮುಖ ಆಚೆ ತಿರುಗಿಸಿಕೊಂಡಳು — ಹಜಾರದಿಂದ ಮುನಿರಾಮಪ್ಪನ ದನಿ, ಏನಮ್ಮಾ ಆಯ್ತಾ, ಹುಡುಗಿ ನೆತ್ತಿಗೆ ಒಂದಿಷ್ಟು ಒಂದೆಲಗ ಇಟ್ಟು ತಟ್ಟು, ತಲೆ ಬಿಸಿ ಇಳೀಲಿ, ಆಮೇಲೆ ಗಂಡನ ಜೊತೆ ಕಾರು ಹತ್ಲಿ, ಬೆಳಕಿರೋವಾಗ್ಲೇ ಲಕ್ಕೂರು ಸೇರ್ಕೋಬೇಕು. ಅರೀತಿದೀನಿ ಅಂದಳು. ಅರೆಯುತ್ತಲೇ ಇದ್ದಳು. ಮಗಳಿಗೆ ಈ ಸಂಬಂಧ ಕುದುರಿಸಿದವನು ಈ ಮುನಿರಾಮಪ್ಪನೇ, ಹುಡುಗ ಕದಿರೇಶ ಫ್ಯಾಕ್ಟರೀಲಿ ಸೂಪರ್‌ವೈಸರು, ಬಂಗಾರ ಕಣಮ್ಮ ಅಂದಿದ್ದ, ಈಗ ಆ ಬಂಗಾರ ಹಜಾರದಲ್ಲಿ ಕೂತು ಆದಿಲಕ್ಷ್ಮಿಯೇ ಕಾಸಿದ ಕಾಫಿ ಹೀರುತ್ತಿದೆ, ಕೈ ತಪ್ಪಿ ತಗುಲ್ತು ಮಾವ, ಅಷ್ಟೇ, ಅವಳು ಸಣ್ಣದಕ್ಕೂ ರೇಗ್ತಾಳೆ, ತಲೆ ಕಾದ್ಬಿಡುತ್ತೆ ಅವಳಿಗೆ ಎನ್ನುತ್ತಿದೆ, ತನ್ನ ಗಂಡ ವೆಂಕಟರಮಣಪ್ಪ ಹೂಂ ಹೂಂ ಅನ್ನುತ್ತಿದ್ದಾನೆ, ಹೂಂಗುಟ್ಟಲೆಂದೇ ಹುಟ್ಟಿದವನು. ಕೈ ತಪ್ಪಿತಂತೆ. ತಪ್ಪಿದ ಕೈ ಗುರಿ ಇಟ್ಟಂತೆ ಕಿವಿಯ ಮೇಲೇ ಬೀಳುತ್ತದೇನು. ಮಗಳು ತೇಜಸ್ವಿನಿ ತವರಿಗೆ ಬಂದ ಮಾರನೇ ಬೆಳಿಗ್ಗೆ, ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಳೆ, ಎಡಗಡೆಯಿಂದ ಕರೆದರೆ ತಿರುಗಲಿಲ್ಲ, ಗಟ್ಟಿಯಾಗಿ ಕರೆದರೂ ಇಲ್ಲ, ಹೋಗಿ ಭುಜ ಮುಟ್ಟಿದರೆ ಬೆಚ್ಚಿಬಿದ್ದು ಸೋಪಿನ ಕೈಗಳನ್ನು ಮುಖಕ್ಕೆ ಅಡ್ಡ ಹಿಡಿದಳು, ಹೆತ್ತವಳ ಕೈಗೆ ಹೆದರಿದಳು — ಈ ಕಿವೀಲಿ ಗುಂಯ್ ಅಂತಾನೇ ಇರುತ್ತೆ ಕಣಮ್ಮಾ, ಯಾರ್ಗೂ ಹೇಳ್ಬೇಡ. ಕೋಲಾರದ ಡಾಕ್ಟರು ಬೆಳಕು ಬಿಟ್ಟು ನೋಡಿ ಪರದೆ ಹರಿದಿದೆ ಎಂದರು. ಅದನ್ನು ಕೇಳಿ ವೆಂಕಟರಮಣಪ್ಪ ಹೇಳಿದ್ದೇನು, ಆ ಮಾತು ನಾಲ್ಕು ಜನರ ಮುಂದೆ ಎತ್ಬೇಡ ಕಣೇ, ನಾಳೆ ನಮ್ಮ ಹುಡುಗೀನೇ ಕಿವುಡಿ ಅಂತಾರೆ. ಹೊಡೆದವನಿಗೆ ಹೆಸರಿಲ್ಲ, ಹೊಡೆಸಿಕೊಂಡವಳಿಗೆ ಹೆಸರಿಡುತ್ತಾರೆ.

ಎಲೆಯದೇನೂ ತಪ್ಪಿಲ್ಲ. ತೆಂಗಿನ ಬುಡದಲ್ಲಿ ತನ್ನಷ್ಟಕ್ಕೆ ಹಬ್ಬಿಕೊಂಡಿರುವ ಬಡಪಾಯಿ ಸೊಪ್ಪು, ಗಡಿಯಾಚೆಯ ತೆಲುಗು ಸೀಮೆಯಿಂದ ಬಂದ ಅತ್ತೆ ಸರಸ್ವತಾಕು ಅನ್ನುತ್ತಿದ್ದಳು, ಪರೀಕ್ಷೆ ಬಂತೆಂದರೆ ಬೀದಿಯ ಮಕ್ಕಳೆಲ್ಲ ಬರಿಹೊಟ್ಟೆಗೆ ಜಗಿಯಲು ಕಿತ್ತುಕೊಂಡು ಹೋಗುತ್ತವೆ, ಬಾಯಿ ಹುಣ್ಣಾದವರು ಮಜ್ಜಿಗೆಗೆ ಹಾಕಿ ಕುಡಿಯುತ್ತಾರೆ, ಪಕ್ಕದ ಮನೆ ಧನಶ್ರೀ ಹೆತ್ತ ಮೇಲೆ ಸುಮ್ಮಸುಮ್ಮನೆ ಅಳುತ್ತಿದ್ದಳಲ್ಲ, ನಿದ್ದೆಯೇ ಇರಲಿಲ್ಲ, ಕೊಬ್ಬರಿ ಎಣ್ಣೆಗೆ ಇದೇ ಸೊಪ್ಪು ಹಾಕಿ ಕಾಸಿ ನೆತ್ತಿಗೆ ತಟ್ಟುತ್ತ ಕೂತರೆ ಆ ಹುಡುಗಿ ತೊಡೆಯ ಮೇಲೇ ಕಣ್ಣು ಮುಚ್ಚಿತು, ಎಂಥ ನಿದ್ದೆ ಅದು, ಅದೇನು ಸುಳ್ಳೇ. ಆದರೆ ನಿದ್ದೆ ಕೆಟ್ಟವರಿಗೆ ಇಡುವುದು ಬೇರೆ, ಬಾಯಿ ತೆರೆದವರಿಗೆ ಇಡುವುದು ಬೇರೆ. ಹಿಂದೊಮ್ಮೆ ಆದಿಲಕ್ಷ್ಮಿಗೆ ತವರಿನವರು ಕೊಟ್ಟ ಸೀಮೆಹಸುವನ್ನು ಮೈದುನ ಒಂದು ಮಾತೂ ಕೇಳದೆ ಶ್ರೀನಿವಾಸಪುರಕ್ಕೆ ಹೊಡೆದುಕೊಂಡು ಹೋಗಿ ಮಾರಿ ಬಂದ, ಅವಳು ಅಂಗಳದಲ್ಲಿ ನಿಂತು ಕೂಗಾಡಿದಳು, ಅತ್ತೆ ಬಂದು ಜುಟ್ಟು ಹಿಡಿದು ಕೂರಿಸಿ ನೆತ್ತಿಗೆ ಒಂದೆಲಗ ಒತ್ತಿದಳು, ಉಷ್ಣ ಏರ್ಬಿಟ್ಟಿದೆ ಪಾಪ ಇವಳಿಗೆ, ಊರವರೂ ಪಾಪ ಪಾಪ ಅಂದರು, ಸಂಜೆಗೆ ತಲೆ ತಂಪಾಯಿತು, ಹಸು ಬರಲಿಲ್ಲ. ಆಮೇಲೆ ದನಿ ಎತ್ತಿದಾಗಲೆಲ್ಲ ಅದೇ, ಕೊನೆಗೆ ಯಾರೂ ಹೇಳದಿದ್ದರೂ ತಾನೇ ಕಿತ್ತು, ತಾನೇ ಅರೆದು, ತಾನೇ ಒತ್ತಿಕೊಂಡು — ಥೂ.

ಮುದ್ದೆಯನ್ನು ಬಟ್ಟಲಿಗೆ ಬಳಿದುಕೊಂಡು ಹಜಾರಕ್ಕೆ ಬಂದಳು. ತೇಜಸ್ವಿನಿ ಗೋಡೆಗೊರಗಿ ಕೂತಿದ್ದಾಳೆ, ಬ್ಯಾಗು ಆಗಲೇ ಪಕ್ಕದಲ್ಲಿ, ಅಮ್ಮನನ್ನು ಕಂಡದ್ದೇ ಜಡೆ ಬಿಚ್ಚಿ ತಲೆ ಬಗ್ಗಿಸಿದಳು, ಯಾರೂ ಹೇಳದೇನೇ ಬಗ್ಗಿಸಿದಳು, ಆ ಬೈತಲೆ, ಬಿಳಿ ಬೈತಲೆ, ತನ್ನದೇ ತಲೆ ಅಲ್ಲಿ ಬಗ್ಗಿದಂತೆ, ಆದಿಲಕ್ಷ್ಮಿಯ ಕಾಲು ಮಗಳನ್ನು ದಾಟಿ ಮುಂದೆ ಹೋಯಿತು, ಕುರ್ಚಿಯ ಹಿಂದೆ ನಿಂತಿತು, ಬಟ್ಟಲಲ್ಲಿದ್ದುದನ್ನೆಲ್ಲ ಬಾಚಿ ಕದಿರೇಶನ ನೆತ್ತಿಗೆ ಅಂಗೈಯಿಂದ ಒತ್ತಿದಳು, ಒತ್ತಿ ಹಿಡಿದಳು. ಏಯ್, ಏನತ್ತೇ ಇದು, ಹುಚ್ಚೇನು ನಿಮಗೆ — ಅಲ್ಲಾಡ್ಬೇಡ ಕೂತ್ಕೋ, ಕಾದಿರೋ ತಲೆಗೆ ತಾನೇ ಇಡೋದು, ಹೊಡೆದಿದ್ದು ಯಾರ ತಲೆ ಕಾದು. ಲೇ ಆದೀ, ವೆಂಕಟರಮಣಪ್ಪ ಎದ್ದ, ನೀವು ಹೂಂ ಅಂದ್ಕೊಂಡು ಕೂತಿರಿ ಅಂದಳು. ಮುನಿರಾಮಣ್ಣಾ, ಇವನು ಹೊಡೆದ ಏಟಿಗೆ ಇವಳ ಎಡಗಿವಿ ಪರದೆ ಹರ್ದದೆ, ಡಾಕ್ಟರು ನೋಡವ್ರೆ, ಕಾರು ಬಂದಂಗೇ ಹೋಗ್ಲಿ, ಮಗಳನ್ನ ಕಳ್ಸಲ್ಲ.

ಮುನಿರಾಮಪ್ಪ ಕೂತಲ್ಲಿಂದ ಅರ್ಧ ಎದ್ದಿದ್ದಾನೆ. ತೇಜಸ್ವಿನಿ ತಲೆ ಎತ್ತಿದ್ದಾಳೆ. ಆದಿಲಕ್ಷ್ಮಿಗೆ ಇನ್ನೂ ಏನೇನೋ ಹೇಳಬೇಕಿತ್ತು, ಹಸುವಿನ ಮಾತು, ಎಷ್ಟೋ ಮಾತು, ಎಲ್ಲಿ ಹೋದವು — ಅಂಗೈ ಕೆಳಗಿನಿಂದ ರಸ ಇಳಿಯುತ್ತಿದೆ, ಅವನ ಕೆನ್ನೆಗೂದಲ ಮೇಲೆ ಹಾದು, ಕಿವಿಯ ಸುತ್ತ ಬಳಸಿ, ಗಾಯವಿಲ್ಲದ ನುಣ್ಣನೆಯ ಕಿವಿ, ಅದರ ಹಾಲೆಯ ತುದಿಗೆ ಬಂದು ನಿಂತಿದೆ, ಒಂದು ಹಸಿರು ಹನಿ, ದಪ್ಪವಾಗುತ್ತಿದೆ, ಬೀಳುತ್ತಿಲ್ಲ.