ಚೌತಿಯ ಕುರ್ಚಿ

ಆಟೋ ನಿಂತ ಕೂಡಲೇ ಮೇದಿನಿ ನೋಡಿದ್ದು ಮೆಟ್ಟಿಲನ್ನು. ಹೊಸ ಜಾಗಕ್ಕೆ ಬಂದವರು ಬೋರ್ಡು ನೋಡುತ್ತಾರೆ, ಎದುರುಗೊಳ್ಳಲು ನಿಂತವರ ಮುಖ ನೋಡುತ್ತಾರೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು, ಎರಡೂ ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಬಿಗಿದುಕೊಂಡು, ಊರುಗೋಲು ಹಿಡಿದು ನಡೆಯುವವಳಿಗೆ ಕಣ್ಣು ತಾನಾಗಿ ನೆಲಕ್ಕೇ ಹೋಗುತ್ತದೆ. ಸೂರತ್ತಿನ ವರಾಛಾ ರಸ್ತೆಯ ಆ ಕಟ್ಟಡದಲ್ಲಿ ಹೋಟೆಲು ಕೆಳಗಿತ್ತು. ಅದರ ಪಕ್ಕದಲ್ಲಿ ಎರಡು ಗೋಡೆಗಳ ನಡುವೆ ಕಡಿದಾದ ಮೆಟ್ಟಿಲು ಮೇಲಕ್ಕೆ ಹೋಗಿತ್ತು. ಹಿಡಿದುಕೊಳ್ಳಲು ಸರಳಿಲ್ಲ. ಒಬ್ಬರು ಇಳಿಯುತ್ತಿದ್ದರೆ ಹತ್ತುವವರು ಕೆಳಗೇ ಕಾಯಬೇಕು, ಅಷ್ಟು ಇಕ್ಕಟ್ಟು. ಮೆಟ್ಟಿಲ ಬಾಯಿಗೆ ಬಟ್ಟೆಯ ಬ್ಯಾನರ್ ಕಟ್ಟಿದ್ದರು: ‘ಅಂಗವಿಕಲರಿಗೆ ಸಮಾನ ಅವಕಾಶ. ಅಹಮದಾಬಾದ್, ವಡೋದರಾ, ಸೂರತ್ ಕನ್ನಡ ಸಂಘಗಳ ಜಂಟಿ ಸಭೆ.’ ಪಕ್ಕದಲ್ಲಿ ಮೇಲ್ಮುಖವಾಗಿ ಒಂದು ಬಾಣದ ಗುರುತು.

"ಮೇಡಂ, ಸಭೆ ಮೇಲಿದೆ," ಎಂದ ಸತ್ಯಪ್ರಕಾಶ.

"ಕಾಣ್ತಾ ಇದೆ."

ಇಬ್ಬರೂ ಬೆಳಗಿನ ರೈಲಿನಲ್ಲಿ ವಡೋದರಾದಿಂದ ಬಂದಿದ್ದರು. ಮೇದಿನಿ ಅಲ್ಲಿನ ವಿಮಾ ಕಚೇರಿಯಲ್ಲಿ ಅಧಿಕಾರಿ, ವಡೋದರಾ ಸಂಘದ ಪ್ರತಿನಿಧಿ. ಸತ್ಯಪ್ರಕಾಶ ಗೋರ್ವಾದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು. ಪ್ರೆಸ್ ಯಂತ್ರ ಅವನ ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದುಕೊಂಡಿತು, ಕೆಲಸವೂ ಅದರ ಜತೆಗೇ ಹೋಯಿತು. ಹೆಂಡತಿಯನ್ನು ಹಾಸನದ ತವರಿಗೆ ಕಳಿಸಿ ವರ್ಷವಾಗಿತ್ತು.

ಅಂದಿನ ನಿರ್ಣಯ ಮೇದಿನಿಯೇ ಬರೆದದ್ದು. ಅಂಗವಿಕಲರ ಕಾಯ್ದೆ ಜಾರಿಗೆ ಬಂದು ಎರಡು ವರ್ಷವಾಗುತ್ತ ಬಂದಿತ್ತು. ಸರ್ಕಾರದ ಕೆಲಸ ಸರ್ಕಾರ ಮಾಡಲಿ, ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ ಎಂಬುದು ಅವಳ ವಾದ. ಮೂರು ಊರಿನಲ್ಲಿ ಸಂಘದ ಸದಸ್ಯರು ನಡೆಸುವ ಹೋಟೆಲುಗಳಲ್ಲಿ ತಲಾ ಒಬ್ಬ ಅಂಗವಿಕಲ ವ್ಯಕ್ತಿಗೆ ಕಾಯಂ ಕೆಲಸ ಕೊಡಬೇಕು. ಇವನು ನಮ್ಮೂರಿನವನಲ್ಲ ಎನ್ನಕೂಡದು. ಸೂರತ್ ಸಂಘದ ಅಧ್ಯಕ್ಷ ರಾಮಕೃಷ್ಣ ಶೆಣೈ ಒಪ್ಪಿದ್ದರು. ಕೆಳಗಿನ ಆ ಹೋಟೆಲು ಅವರದೇ. ನಿರ್ಣಯವಾದರೆ ಅದರ ಗಲ್ಲಾದಲ್ಲಿ ಕೂರುವವನು ಸತ್ಯಪ್ರಕಾಶ.

ಆದರೆ ಮೂರು ಸಂಘಗಳ ಒಕ್ಕೂಟಕ್ಕೆ ಒಂದು ನಿಯಮವಿತ್ತು. ಮೂರೂ ಊರಿನ ಪ್ರತಿನಿಧಿಗಳು ಸಭೆಯಲ್ಲಿ ಕೂತಿರದೆ ಯಾವ ನಿರ್ಣಯವೂ ಆಗುವಂತಿಲ್ಲ. ಹಿಂದೊಮ್ಮೆ ಸೂರತ್ತಿನವರೂ ಅಹಮದಾಬಾದಿನವರೂ ವಡೋದರಾದವರನ್ನು ಕೇಳದೆ ನಾಟಕೋತ್ಸವದ ದಿನ ಗೊತ್ತುಮಾಡಿ, ಅದರಿಂದ ಮಾತುಕತೆ ನಿಂತು, ಕೊನೆಗೆ ರಾಜಿಯಾದಾಗ ಹುಟ್ಟಿದ ನಿಯಮ ಅದು.

ಹಿಂದಿನ ವಾರ ಅವಳು ಶೆಣೈಯವರಿಗೆ ಫೋನ್ ಮಾಡಿ ಕೇಳಿದ್ದಳು, ಮೆಟ್ಟಿಲು ಇದೆಯಾ ಎಂದು. "ಎಂತ ತೊಂದರೆ ಇಲ್ಲ, ಎಲ್ಲ ವ್ಯವಸ್ಥೆ ಉಂಟು. ನೀವು ಒಳ್ಳೆ ಸೀರೆ ಉಟ್ಕೊಂಡು ಬನ್ನಿ, ಫೋಟೋ ಉಂಟು," ಎಂದಿದ್ದರು ಅವರು. ಅವಳು ರೇಷ್ಮೆ ಸೀರೆ ಉಟ್ಟು ಬಂದಿದ್ದಳು.

ಶೆಣೈ ಕೈಮುಗಿದು ಹೊರಗೆ ಬಂದರು. ಹಿಂದೆ ಸ್ವಯಂಸೇವಕರು ಒಂದು ಕುರ್ಚಿಯನ್ನು ತಂದಿಟ್ಟರು. ತೇಗದ ಕುರ್ಚಿ. ಎರಡೂ ಬದಿಗೆ ಬಿದಿರಿನ ಗಳು ಕಟ್ಟಿ, ಬೆನ್ನೊರಗಿಗೆ ಚೆಂಡುಹೂವಿನ ಹಾರ ಸುತ್ತಿದ್ದರು.

"ಇದೇನು?" ಎಂದಳು ಮೇದಿನಿ.

"ಹೇಳಿದ್ದೆನಲ್ಲ, ವ್ಯವಸ್ಥೆ. ನಮ್ಮ ಚೌತಿ ಗಣಪತಿಯನ್ನು ಮೇಲೆ ಹತ್ತಿಸುವ ಕುರ್ಚಿ. ಇಷ್ಟರವರೆಗೆ ಮನುಷ್ಯರು ಯಾರೂ ಕೂತದ್ದಿಲ್ಲ ಇದರಲ್ಲಿ. ನೀವೇ ಮೊದಲು."

ಅವರ ಹೆಮ್ಮೆ ನಿಜವಾದದ್ದು. ತಮಗೆ ತಿಳಿದ ದೊಡ್ಡ ಮರ್ಯಾದೆಯನ್ನೇ ಅವರು ತಂದು ನಿಲ್ಲಿಸಿದ್ದರು. ಮೇದಿನಿಗೆ ಸಿಟ್ಟು ಬಂದದ್ದೂ ಅದಕ್ಕೇ. ತಾತ್ಸಾರವಾಗಿದ್ದರೆ ಬೈದು ಮುಗಿಸಬಹುದಿತ್ತು.

"ಇದರಲ್ಲಿ ಕೂತವರನ್ನ ಕೊನೆಗೆ ತಾಪಿ ನದಿಯಲ್ಲಿ ಮುಳುಗಿಸ್ತೀರಲ್ಲ, ಶೆಣೈಯವರೇ."

ಸ್ವಯಂಸೇವಕನೊಬ್ಬ ನಕ್ಕ. ಶೆಣೈ ತಿರುಗಿ ನೋಡಿದ ಮೇಲೆ ನಗು ನಿಂತಿತು.

"ತಮಾಷೆ ಬೇಡ. ಹೊತ್ತಾಯ್ತು. ಅಹಮದಾಬಾದಿನವರು ಆಗಲೇ ಬಂದಿದ್ದಾರೆ."

"ನಾನು ಕೂರಲ್ಲ. ಕೆಳಗೆ ನಿಮ್ಮ ಫ್ಯಾಮಿಲಿ ರೂಮ್ ಇದೆಯಲ್ಲ, ಅಲ್ಲೇ ಸಭೆ ಮಾಡಿ."

"ಭಾನುವಾರ ಮಾರಾಯ್ರೇ. ಗಿರಾಕಿಗಳು ರಸ್ತೆವರೆಗೆ ನಿಂತಿದ್ದಾರೆ, ನೋಡಿ. ಊಟದ ಹೊತ್ತಿಗೆ ನಮ್ಮವರಿಗಾಗಿ ಅದನ್ನು ಖಾಲಿ ಮಾಡಿಸುವುದೇ ದೊಡ್ಡ ರಗಳೆ."

"ಅಂದರೆ ಊಟಕ್ಕೆ ಖಾಲಿ ಆಗುತ್ತೆ, ಸಭೆಗೆ ಆಗಲ್ಲ."

ಶೆಣೈಯವರ ಮುಖ ಬಿಗಿಯಿತು. "ನೀವು ಹಾಗೆ ಮಾತಾಡಿದ್ರೆ ನಾನು ಎಂತ ಹೇಳುವುದು? ದೇವರನ್ನು ಹೊತ್ತವರು ನಿಮ್ಮನ್ನು ಹೊರುತ್ತೇವೆ ಅಂದ್ರೆ ಅದೂ ಅವಮಾನವಾ?"

"ದೇವರಿಗೆ ಬಾಯಿಲ್ಲ. ನಾನು ಬೇಡ ಅಂತ ಹೇಳ್ತಾ ಇದ್ದೀನಿ."

ಅಷ್ಟರಲ್ಲಿ ಅಹಮದಾಬಾದಿನ ಪ್ರತಿನಿಧಿ ಮಲ್ಲಿಕಾರ್ಜುನ ಇಳಿದು ಬಂದರು. ಬ್ಯಾಂಕ್ ಮ್ಯಾನೇಜರು, ಧಾರವಾಡದ ಕಡೆಯವರು. ಅಂದಿನ ಸಭೆಯ ಅಧ್ಯಕ್ಷತೆ ಅವರದು. "ಏನ್ರಿ ಇದು, ನಡುರಸ್ತೆದಾಗ? ಒಂದು ಐದು ನಿಮಿಷದ ಮಾತು. ಕುಂದರ್ರಿ, ಎತ್ತತಾರ, ಮುಗೀತು. ನನಗ ಸಂಜೀ ಗಾಡಿ ಐತಿ."

"ನಿಮ್ಮನ್ನ ಯಾರಾದ್ರೂ ಎತ್ತಿಕೊಂಡು ಹೋಗಿ ಬ್ಯಾಂಕಿನ ಕುರ್ಚಿಯಲ್ಲಿ ಕೂರಿಸ್ತಾರಾ ಸರ್, ಹೂವಿನ ಹಾರ ಹಾಕಿ?"

"ನನಗ ಕಾಲು ಅದಾವ್ರಿ."

ಅಂದ ಮೇಲೆ ತಾನು ಏನಂದೆ ಎಂದು ಅವರಿಗೂ ತಿಳಿಯಿತು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಕ್ಯಾಮೆರಾ ಹಿಡಿದವನು ಸ್ಮರಣ ಸಂಚಿಕೆಯ ಮುಖಪುಟಕ್ಕೆಂದು ಕುರ್ಚಿಯ ಎದುರು ಕೋನ ನೋಡುತ್ತ ನಿಂತಿದ್ದ.

ಸತ್ಯಪ್ರಕಾಶ ಮೇದಿನಿಯನ್ನು ಗೋಡೆಯ ಪಕ್ಕಕ್ಕೆ ಕರೆದ. ರೈಲಿನಲ್ಲಿ ಹೆಚ್ಚು ಮಾತಾಡದಿದ್ದವನು ಈಗ ಹಲ್ಲು ಕಚ್ಚಿ ಮಾತಾಡಿದ.

"ಮೇಡಂ, ಕೂತುಬಿಡಿ."

"ನೀನೂ ಅದನ್ನೇ ಹೇಳ್ತೀಯ?"

"ನಿಮಗೆ ಕೆಲಸ ಇದೆ, ಸಂಬಳ ಇದೆ. ಮಾನ ನೋಡ್ಕೋಬಹುದು. ನೀವು ಮೇಲೆ ಹೋಗ್ದಿದ್ರೆ ನಿರ್ಣಯ ಇಲ್ಲ. ಶೆಣೈಯವ್ರು ಇವತ್ತು ತಪ್ಪಿದ್ರೆ ಮತ್ತೆ ಒಪ್ಪಲ್ಲ. ನನ್ನನ್ನ ಕುರ್ಚಿ ಏನು, ಗೋಣಿಚೀಲದಲ್ಲಿ ಹಾಕಿ ಎತ್ತಿದ್ರೂ ನಾನು ಹೋಗ್ತೀನಿ."

"ಹೋಗ್ತೀಯ. ಆಮೇಲೆ ಅವರು ನಿನ್ನನ್ನ ಚೀಲದಲ್ಲೇ ಇಡ್ತಾರೆ."

"ಇಡಲಿ. ಊಟ ಹಾಕ್ತಾರಲ್ಲ."

ಮೇದಿನಿ ಕುರ್ಚಿಯ ಕಡೆ ನೋಡಿದಳು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳ ಕಚೇರಿಯಲ್ಲೂ ಅವಳ ಮೇಜು ಮಾಳಿಗೆಯಿಂದ ಕೆಳಕ್ಕೆ ಬರುವ ಹೊತ್ತಿಗೆ ಎಷ್ಟೋ ಜನರೊಡನೆ ಜಗಳವಾಗಿತ್ತು; ಆದರೆ ಆ ಜಗಳದ ಉದ್ದಕ್ಕೂ ಸಂಬಳ ಬರುತ್ತಿತ್ತು. ಹಾಗೆಂದು ಹಾರ ಸುತ್ತಿದ ಆ ಕುರ್ಚಿಯಲ್ಲಿ ಕೂತ ಫೋಟೋ ಮೂರು ಊರಿನ ಮನೆಗಳಿಗೆ ಹೋಗಲು ಬಿಡುವಂತೆಯೂ ಇರಲಿಲ್ಲ.

ಅವಳು ಮೆಟ್ಟಿಲ ಬುಡಕ್ಕೆ ಬಂದು, ಬೆನ್ನು ಮಾಡಿ ನಿಂತು, ಊರುಗೋಲುಗಳನ್ನು ಸತ್ಯಪ್ರಕಾಶನ ಕೈಗೆ ಕೊಟ್ಟಳು. ಮಂಡಿಯ ಹತ್ತಿರ ಕ್ಯಾಲಿಪರಿನ ಬೀಗಗಳನ್ನು ಸಡಿಲಿಸಿ, ಸೀರೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತಳು. ಎರಡೂ ಅಂಗೈಯನ್ನು ಹಿಂದಿನ ಮೆಟ್ಟಿಲಿಗೆ ಊರಿ, ತೋಳಿನ ಬಲದಿಂದ ಮೈಯನ್ನು ಎತ್ತಿ ಅಲ್ಲಿ ಕೂರಿಸಿದಳು. ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎಳೆದುಕೊಂಡಳು. ಮನೆಯಲ್ಲಿ ಅವಳು ಮಾಳಿಗೆ ಹತ್ತುವುದು ಹೀಗೆಯೇ. ಹೊರಗೆ, ಜನರ ಎದುರು, ಇದೇ ಮೊದಲು.

"ಎಂತ ಮಾಡ್ತೀರಿ ನೀವು?" ಶೆಣೈ ಮೆಟ್ಟಿಲ ಬಳಿಗೆ ಓಡಿ ಬಂದರು. "ಏಳಿ. ಜನ ನೋಡ್ತಾರೆ."

"ನೋಡಲಿ."

"ನಮ್ಮ ಸಂಘದ ಮರ್ಯಾದೆ ಏನಾಗ್ಬೇಕು?"

"ಅದನ್ನ ಕುರ್ಚಿಯಲ್ಲಿ ಕೂರಿಸಿ ಹತ್ತಿಸಿ. ಖಾಲಿ ಇದೆಯಲ್ಲ."

ರಜೆಯ ದಿನ ಪಾನ್ ಅಂಗಡಿಯ ಮುಂದೆ ನಿಂತಿದ್ದ ವಜ್ರ ಪಾಲಿಶಿನ ಕೆಲಸಗಾರರು ಈ ಕಡೆ ಬಂದರು. ಅವರಲ್ಲೊಬ್ಬ "ಪಡೀ ಗಯಾ, ಬೆನ್?" ಎಂದು ಕೇಳಿದ, ಬಿದ್ದಿರಾ ಅಕ್ಕಾ ಎಂದು. ಮೇದಿನಿ ಗುಜರಾತಿಯಲ್ಲೇ ಉತ್ತರ ಕೊಟ್ಟಳು. ಇಲ್ಲಣ್ಣ, ಹತ್ತುತ್ತಿದ್ದೇನೆ. ಅವನು ತಲೆದೂಗಿ ಅಲ್ಲೇ ನಿಂತ. ದೋಸೆಗೆ ಕಾಯುತ್ತಿದ್ದ ಕುಟುಂಬಗಳೂ ಇತ್ತ ತಿರುಗಿದವು.

ಅವಳ ಮುಖ ಎಲ್ಲರ ಕಡೆಗಿತ್ತು. ಒಬ್ಬೊಬ್ಬರನ್ನೂ ನೋಡಲು ಸಾಕಷ್ಟು ಸಮಯವಿತ್ತು. ಅವಳ ಕೆಳಗೆ ಊರುಗೋಲು ಹಿಡಿದ ಸತ್ಯಪ್ರಕಾಶ, ಅವನ ಹಿಂದೆ ಮಲ್ಲಿಕಾರ್ಜುನ, ಅವರ ಹಿಂದೆ ಶೆಣೈ, ಅವರ ಹಿಂದೆ ಸಂಘದ ಹೆಂಗಸರು, ಗಂಡಸರು. ಅವಳನ್ನು ದಾಟಿ ಹೋಗಲು ಯಾರಿಗೂ ಜಾಗವಿರಲಿಲ್ಲ. ಅವಳು ಉಸಿರಿಗೆ ನಿಂತಲ್ಲಿ ಎಲ್ಲರೂ ನಿಲ್ಲಬೇಕಾಯಿತು. ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಮಲ್ಲಿಕಾರ್ಜುನ ಗೋಡೆಯ ಸುಣ್ಣ ನೋಡಿದರು. ಕ್ಯಾಮೆರಾದವನು ಕೇಳಿದ, "ತೆಗೀಲಾ?"

"ತೆಗಿ," ಎಂದಳು ಮೇದಿನಿ.

"ಬೇಡ," ಎಂದರು ಶೆಣೈ.

ಅವನು ತೆಗೆಯಲಿಲ್ಲ. ಅವನಿಗೆ ದುಡ್ಡು ಕೊಡುವವರು ಶೆಣೈ.

ಮೇಲೆ ತಲುಪಿದಾಗ ಅವಳ ಸೀರೆಯ ಹಿಂಭಾಗ ಮೆಟ್ಟಿಲಿನ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂಗೈ ಸುಲಿದಿತ್ತು. ವೇದಿಕೆಗೂ ಎರಡು ಮೆಟ್ಟಿಲು ಇರುವುದನ್ನು ನೋಡಿ, ಅವಳು ಊರುಗೋಲುಗಳನ್ನು ತೆಗೆದುಕೊಂಡು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಳು.

ಸಭೆ ಬೇಗ ಮುಗಿಯಿತು. ಯಾರಿಗೂ ಮಾತು ಬೇಡವಾಗಿತ್ತು. ನಿರ್ಣಯವನ್ನು ಮಲ್ಲಿಕಾರ್ಜುನ ಓದಿದರು, ಕೈಗಳು ಎದ್ದವು, ಪಾಸಾಯಿತು. ಶೆಣೈ ಸತ್ಯಪ್ರಕಾಶನನ್ನು ಹತ್ತಿರ ಕರೆದು ಭುಜ ತಟ್ಟಿದರು. "ನಾಳೆಯಿಂದಲೇ ಬಾ. ಮಲಗಲಿಕ್ಕೆ ಹಿಂದೆ ಜಾಗ ಉಂಟು." ಸತ್ಯಪ್ರಕಾಶನ ಕಣ್ಣು ತುಂಬಿತು. ಅವನಿಗೆ ಕಾಫಿ ತರಿಸಿ ಕೊಟ್ಟರು.

ಮೇದಿನಿ ಕೂತಲ್ಲಿಂದಲೇ ಕೈಯೆತ್ತಿದಳು. "ನನ್ನದೊಂದು ಸೂಚನೆ ಇದೆ. ಇನ್ನು ಮುಂದೆ ಮೂರೂ ಊರಿನ ಸಭೆ ಮೆಟ್ಟಿಲಿಲ್ಲದ ಜಾಗದಲ್ಲೇ ಆಗಬೇಕು."

"ಬರೂ ವರ್ಷ ನಮ್ಮ ಸರದಿ. ಹಾಲ್ ಗೊತ್ತು ಮಾಡೀವ್ರಿ," ಎಂದರು ಮಲ್ಲಿಕಾರ್ಜುನ. "ಮೂರನೇ ಮಾಳಿಗಿ. ಲಿಫ್ಟ್ ಐತಿ."

"ಓಡುತ್ತಾ?"

"ಕರೆಂಟ್ ಇದ್ದಾಗ ಓಡತದ."

ಹಿಂದಿನಿಂದ ಒಂದು ಗಂಡು ಧ್ವನಿ ಕೇಳಿಸಿತು, "ಒಬ್ಬರಿಗಾಗಿ ಎಲ್ಲರೂ ನೆಲದ ಮೇಲೆ ಕೂರಬೇಕಾ?" ಕೆಲವರು ನಕ್ಕರು. ಮತಕ್ಕೆ ಹಾಕಿದಾಗ ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ಮೇದಿನಿ ಸತ್ಯಪ್ರಕಾಶನನ್ನು ನೋಡಿದಳು. ಅವನ ಇದ್ದ ಒಂದು ಕೈಯಲ್ಲಿ ಕಾಫಿ ಲೋಟವಿತ್ತು. ಎದುರಿಗೇ ಮೇಜಿತ್ತು. ಅವನು ಶೆಣೈಯವರ ಕಡೆ ಒಮ್ಮೆ ನೋಡಿ, ಲೋಟವನ್ನು ತುಟಿಗೆ ಎತ್ತಿದ.

"ಸೂಚನಾ ಬಿತ್ತು," ಎಂದರು ಮಲ್ಲಿಕಾರ್ಜುನ.

"ಊಟಕ್ಕೆ ಏಳಿ," ಎಂದರು ಶೆಣೈ. "ಕೆಳಗೆ ಫ್ಯಾಮಿಲಿ ರೂಮಿನಲ್ಲಿ. ಬಿಸಿ ಆರಿದ್ರೆ ರುಚಿ ಇಲ್ಲ."

ಬಾಗಿಲ ಪಕ್ಕದಲ್ಲಿದ್ದವಳು ಮೇದಿನಿ. ಎಲ್ಲರಿಗಿಂತ ಮೊದಲು ಎದ್ದು, ಮೇಲಿನ ಮೆಟ್ಟಿಲ ಮೇಲೆ ಕೂತು, ಕ್ಯಾಲಿಪರ್ ಸಡಿಲಿಸಿ, ಊರುಗೋಲುಗಳನ್ನು ತೊಡೆಯ ಮೇಲೆ ಅಡ್ಡಡ್ಡ ಇಟ್ಟುಕೊಂಡಳು. ಒಂದು ಮೆಟ್ಟಿಲು ಇಳಿದಳು. ಅಲ್ಲೇ ಕೂತಳು. ಸೆರಗಿನಿಂದ ಅಂಗೈ ಒರೆಸಿಕೊಂಡಳು. ಕೆಳಗಿನಿಂದ ತುಪ್ಪದ, ಹುಳಿಯ ವಾಸನೆ ಮೆಟ್ಟಿಲಲ್ಲಿ ಮೇಲೇರಿ ಬರುತ್ತಿತ್ತು. ಹಿಂದೆ ಸಾಲು ಬೆಳೆಯಿತು.

"ಸ್ವಲ್ಪ ಬೇಗ ಆಗ್ತದಾ?" ಎಂದರು ಶೆಣೈ.

"ನನ್ನ ನಡಿಗೆ ಇಷ್ಟೇ."

"ಕುರ್ಚಿ ತರಿಸ್ಲಾ?"

"ತರಿಸಿ. ನಾನು ಕೂರಲ್ಲ. ದಾರಿ ಇನ್ನಷ್ಟು ಕಟ್ಟುತ್ತೆ."

ಇನ್ನೊಂದು ಮೆಟ್ಟಿಲು. ಮೇಲೆ ಯಾರದೋ ಮಗು ಹಸಿವಾಯಿತೆಂದು ಗುಜರಾತಿಯಲ್ಲಿ ಅಳತೊಡಗಿತು. ಅದರ ಅಮ್ಮ ಕನ್ನಡದಲ್ಲಿ ಗದರಿಸಿದಳು. ಫ್ಯಾಮಿಲಿ ರೂಮನ್ನು ಇನ್ನೆಷ್ಟು ಹೊತ್ತು ಹಿಡಿಯಲಿ, ಗಿರಾಕಿಗಳು ಜಗಳಕ್ಕೆ ಬರುತ್ತಿದ್ದಾರೆ ಎಂದು ಕೆಳಗಿನಿಂದ ಮಾಣಿ ಕೂಗಿದ. ಶೆಣೈ ಮಲ್ಲಿಕಾರ್ಜುನರ ಮುಖ ನೋಡಿದರು. ಮಲ್ಲಿಕಾರ್ಜುನ ಗಡಿಯಾರ ನೋಡಿದರು.

"ಆ ಸೂಚನಾ ಇನ್ನೊಮ್ಮೆ ಮತಕ್ಕ ಹಾಕೂಣೇನ್ರಿ?" ಎಂದರು, ಯಾರ ಕಡೆಗೂ ನೋಡದೆ.

"ನಾನು ಏನೂ ಕೇಳ್ತಾ ಇಲ್ಲ," ಎಂದಳು ಮೇದಿನಿ. "ಇಳೀತಾ ಇದ್ದೀನಿ."

"ಕೈ ಎತ್ರಿ ಎಲ್ಲಾರೂ. ಮೆಟ್ಟಿಲಿಲ್ಲದ ಜಾಗಾ. ಆತು, ಎತ್ರಿ."

ಸಾಲಿನಲ್ಲಿ ಕೈಗಳು ಎದ್ದವು; ಕೆಲವು ಸಿಟ್ಟಿನಿಂದ, ಕೆಲವು ಹಸಿವಿನಿಂದ. ಶೆಣೈಯವರದು ಕೊನೆಗೆ ಎದ್ದಿತು. ಮೇದಿನಿ ಕತ್ತು ತಿರುಗಿಸಿ ನೋಡಿದಳು. ಅವಳ ಬೆನ್ನಿಗೇ ಸತ್ಯಪ್ರಕಾಶ ಎಡಗೈಯನ್ನು ಎಲ್ಲರಿಗಿಂತ ಮೇಲೆ ಎತ್ತಿ ನಿಂತಿದ್ದ.

"ಲೋಟ ಎಲ್ಲಿ?" ಎಂದಳು.

"ಒಳಗೆ ಇಟ್ಟೆ, ಮೇಡಂ."

"ಆಗಲೂ ಮೇಜಿತ್ತು."

ಅವನು ತಲೆ ತಗ್ಗಿಸಿದ. "ನನಗೆ ಕೆಲಸ ಬೇಕಿತ್ತು."

"ಗೊತ್ತು. ಸಿಕ್ತಲ್ಲ. ಕೈ ಇಳಿಸು, ನಿನ್ನ ಧಣಿ ನೋಡ್ತಾ ಇದ್ದಾರೆ."

ಅವನು ಕೈ ಇಳಿಸಿದನೋ ಇಲ್ಲವೋ, ಅವಳು ನೋಡಲಿಲ್ಲ. ಅಂಗೈಯನ್ನು ಮೆಟ್ಟಿಲಿಗೆ ಊರಿದಳು. ಸೂಚನೆ ಪಾಸಾಯಿತಲ್ಲ, ಇನ್ನಾದರೂ ಬೇಗ ನಡೆಯಿರಿ ಎಂದು ಶೆಣೈ ಹಿಂದಿನಿಂದ ಅಂದರು. ಮೇದಿನಿ ಒಂದು ಮೆಟ್ಟಿಲು ಇಳಿದು, ಮೊದಲಿನಷ್ಟೇ ಹೊತ್ತು ಕೂತು, ಮುಂದಿನದಕ್ಕೆ ಕಾಲು ಎಳೆದುಕೊಂಡಳು.