ಕುಡಿಯದವನ ತೂರಾಟ

ಒದ್ದೆ ಬಟ್ಟೆಯ ತುದಿಯನ್ನು ಹುರಿ ಮಾಡಿ ಅವಳು ಗಂಡನ ಬಲಗಿವಿಯೊಳಗೆ ತಿರುಗಿಸಿದಳು. ಮತ್ತೆ ಕಪ್ಪು ರಾಡಿ ಬಂತು. ಬಕೆಟ್‌ಗಟ್ಟಲೆ ನೀರು ಹೊಯ್ದರೂ ಚರಂಡಿಯ ನಾತ ಹೋಗಿರಲಿಲ್ಲ. ಹೆಣ ನೋಡಲು ಬಂದವರು ಮೂಗಿಗೆ ಬಟ್ಟೆ ಒತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು.

"ಸಾಕು ಬಿಡಿ ಅಕ್ಕ, ಕಿವಿಯೊಳಗೆ ಯಾರು ನೋಡ್ತಾರೆ" ಎಂದಳು ಓರಗಿತ್ತಿ.

ಯಾರೂ ನೋಡಿರಲಿಲ್ಲ, ನಿಜ. ಅವಳು ಕೈ ನಿಲ್ಲಿಸಲಿಲ್ಲ.

*

ಸೈನ್ಯದಲ್ಲಿ ಫಿರಂಗಿಗೆ ಗುಂಡು ತುಂಬುತ್ತಿದ್ದವನು ಮನೆಗೆ ಮರಳಿದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ. ಬಲಗಿವಿ ಮಾತ್ರ ಕಿವುಡಾಗಿತ್ತು. ಎಡಗಿವಿಯಲ್ಲಿ ಜೀರುಂಡೆ ಬಿಡಾರ ಹೂಡಿದೆ ಎನ್ನುತ್ತಿದ್ದ. ಕತ್ತಲಾದರೆ ಅಥವಾ ಕಣ್ಣು ಮುಚ್ಚಿದರೆ ಅವನ ಕಾಲಡಿಯ ನೆಲ ದೋಣಿಯಂತೆ ವಾಲುತ್ತಿತ್ತು. ದೇಹದ ಸಮತೋಲ ಕಾಯುವ ಭಾಗವೇ ಕಿವಿಯೊಳಗೆ ಕೆಟ್ಟುಹೋಗಿದೆ, ಇದಕ್ಕೆ ಮದ್ದಿಲ್ಲ, ಬೆಳಕಿದ್ದಾಗ ಓಡಾಡಿ ಎಂದು ವೈದ್ಯರು ಕೈತೊಳೆದುಕೊಂಡಿದ್ದರು. ತಲೆಗೆ ಸೋಪು ಹಚ್ಚಿಕೊಳ್ಳುವಾಗ ಅವಳು ಬೆನ್ನ ಹಿಂದೆ ನಿಂತು ಭುಜ ಹಿಡಿಯಬೇಕಿತ್ತು.

"ಹಿಡ್ಕೊಂಡಿದೀಯಾ?"

"ಹಿಡ್ಕೊಂಡಿದೀನಿ, ತೊಳ್ಕೊಳ್ಳಿ."

ಹೆಂಡದ ವಾಸನೆಗೇ ಹೊಟ್ಟೆ ತೊಳಸುತ್ತಿದ್ದ ಮನುಷ್ಯ. ತಮ್ಮನ ಮದುವೆಯ ದಿನ ಛತ್ರದಲ್ಲಿ ಕರೆಂಟು ಹೋಯಿತು; ಅವನು ಹೆಣ್ಣಿನ ತಂದೆಯ ಮೈಮೇಲೆಯೇ ಬಿದ್ದ. ಬೆಳಕು ಬಂದಾಗ ಹೆಣ್ಣಿನ ಕಡೆಯವರ ಮುಖ ಗಂಟಿಕ್ಕಿತ್ತು. ಅಣ್ಣ ಇವತ್ತು ಖುಷಿಗೆ ಸ್ವಲ್ಪ ಜಾಸ್ತಿ ಹಾಕಿಕೊಂಡಿದ್ದಾನೆ, ಮಿಲಿಟ್ರಿ ಅಭ್ಯಾಸ ಎಂದು ಮೈದುನ ನಗುತ್ತ ಸಾರಿದ. ಮರುದಿನ ಅವಳು ಜಗಳಕ್ಕೆ ಹೋದಳು.

"ಕುಡಿತ ಅಂದ್ರೆ ಜನ ಮರೀತಾರೆ ಅತ್ತಿಗೆ. ಕಾಯಿಲೆ ಅಂದ್ರೆ ವಂಶಕ್ಕೇ ಅಂಟುತ್ತೆ" ಎಂದ ಮೈದುನ. ಅವನ ಸಂಸಾರ ನೆಟ್ಟಗಾಗಲಿ ಬಿಡು ಎಂದು ಗಂಡನೂ ಅವಳ ಬಾಯಿ ಮುಚ್ಚಿಸಿದ.

ಜನ ಮರೆಯಲಿಲ್ಲ. ಗೋದಾಮಿನ ಕತ್ತಲಲ್ಲಿ ತೂರಾಡಿದ್ದಕ್ಕೆ ಅವನ ಕಾವಲು ಕೆಲಸ ಹೋಯಿತು. ಯಜಮಾನ ಅವನ ಬಾಯಿ ಮೂಸಿ ನೋಡಿ, ಏನೂ ಸಿಗದೆ, ಏಲಕ್ಕಿ ಜಗಿದು ಬಂದಿದ್ದಾನೆ ಕಳ್ಳ ಎಂದಿದ್ದ.

*

ಹೆಣವನ್ನು ಹೊರಗೆ ಮಲಗಿಸಿದ ಮೇಲೆ ಬೀದಿಯ ಟೈಲರ್ ಹತ್ತಿರ ಬಂದ. ನಿನ್ನೆ ಜ್ವರದ ಮಾತ್ರೆ ತರಲು ಹೋದವರು ಮುಸ್ಸಂಜೆಗೆ ಎಲ್ಲಿ ಸಿಕ್ಕಿಕೊಂಡರೋ ಎಂದು ಅವಳು ಯಾರಿಗೋ ಹೇಳುತ್ತಿದ್ದುದು ಅವನ ಕಿವಿಗೆ ಬಿದ್ದಿತ್ತು.

"ಅಂಗಡಿ ಬಾಗಿಲು ಹಾಕುವಾಗ್ಲೇ ನೋಡ್ದೆ ಅಕ್ಕ, ಚರಂಡೀಲಿ ಬಿದ್ದಿದ್ರು" ಎಂದ, ಸಮಾಧಾನ ಹೇಳುವವನಂತೆ. "ಬೀದಿ ದೀಪ ಬೇರೆ ಇರ್ಲಿಲ್ಲ. ದಿನಾ ಇದ್ದಿದ್ದೇ ಅಲ್ವಾ ಅಂತ ದಾಟ್ಕೊಂಡು ಹೋದೆ."

"ಜೀವ ಇತ್ತಾ?"

"ಇತ್ತು. ಹಿಡ್ಕೋ, ಹಿಡ್ಕೋ ಅಂತಿದ್ರು. ಕುಡಿದಾಗ ಏನೇನೋ ಅಂತಾರಲ್ಲ."

ಟೈಲರನ ಎಣ್ಣೆ ಹಚ್ಚಿ ಬಾಚಿದ ಕೂದಲು, ಅವನ ಹಿಂದೆ ನಿಂತು ಲೊಚಗುಟ್ಟುತ್ತಿದ್ದ ನಾಲಿಗೆಗಳು, ಯಾವುದನ್ನೂ ಅವಳಿಗೆ ನೋಡಲಾಗಲಿಲ್ಲ. ಇವರಲ್ಲಿ ಇನ್ನೆಷ್ಟು ಜನ ದಾಟಿಕೊಂಡು ಹೋಗಿದ್ದರೋ.

"ಅವರು ಒಂದು ದಿನವೂ ಕುಡಿದವರಲ್ಲ" ಎಂದಳು.

ಎಲ್ಲರ ಕಣ್ಣೂ ಮೈದುನನ ಕಡೆ ತಿರುಗಿದವು. ಬೆಳಗಿನಿಂದ ಹಿತ್ತಲಿಗೆ ಹೋಗಿಬಂದು ಮಾಡುತ್ತಿದ್ದ ಅವನ ಕಣ್ಣು ಕೆಂಡವಾಗಿದ್ದವು. ಬಾಯಿ ತೆರೆದರೆ ಹೆಂಡ ಘಮ್ಮೆನ್ನುತ್ತಿತ್ತು.

"ಈಗ್ಯಾಕೆ ಅತ್ತಿಗೆ ಆ ಮಾತು. ಸತ್ತವನನ್ನ ಕ್ಷಮಿಸಿಬಿಡಿ."

"ನಿನಗೆ ಗೊತ್ತು."

ಓರಗಿತ್ತಿ ತನ್ನ ಗಂಡನ ಮುಖವನ್ನೇ ನೋಡಿದಳು. ಅವನು ಕಣ್ಣೊರೆಸಿಕೊಳ್ಳುತ್ತ, ಹೊತ್ತಾಯಿತು, ಎತ್ತಿ ಎಂದು ಹೊರುವವರನ್ನು ಅವಸರಪಡಿಸಿದ.

ಹೆಣ ಎತ್ತಿದರು. ಬೀದಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನಿಂತರು. ಹೊರುವವರ ಹಿಂದೆ ಮೈದುನ ಎರಡು ಹೆಜ್ಜೆ ನೇರ ಇಟ್ಟ. ಮೂರನೆಯದು ಪಕ್ಕಕ್ಕೆ ಬಿತ್ತು. ಅವನು ವಾಲುತ್ತಿದ್ದಂತೆ ನಾಲ್ಕು ಜನ ಓಡಿಬಂದು ಕಂಕುಳಿಗೆ ಕೈಕೊಟ್ಟು ನಿಲ್ಲಿಸಿದರು. ಒಡಹುಟ್ಟಿದವನಲ್ಲವೇ, ದುಃಖ ತಡೆಯಲಾಗುತ್ತಿಲ್ಲ ಪಾಪ ಎಂದು ಯಾರೋ ಮರುಗಿದರು. ಟೈಲರ್ ಧೂಳಿನಲ್ಲಿ ಮೊಣಕಾಲೂರಿ ಕೂತು, ಕಳಚಿಬಿದ್ದ ಅವನ ಚಪ್ಪಲಿಯನ್ನು ಮೆಲ್ಲಗೆ, ಮಗುವಿಗೆ ತೊಡಿಸುವಂತೆ, ಕಾಲಿಗೆ ತೊಡಿಸುತ್ತಿದ್ದ.