ಒಂದೇ ಪೆನ್‌ಡ್ರೈವಿನ ಪಂಡಿತರು

ರಾಜಾಜಿನಗರದ ಆ ಸರ್ವಿಸ್ ಸೆಂಟರಿನಲ್ಲಿ ಒಂದು ಪದ್ಧತಿ ಇತ್ತು. ಯಾವ ಮಾನಿಟರ್ ಬಂದರೂ ಅದರ ಕಾಯಿಲೆ ಏನೆಂದು ಕೇಳುವ ಮೊದಲೇ ಪೆನ್‌ಡ್ರೈವ್ ಚುಚ್ಚಿ ಹೊಸ ಫರ್ಮ್‌ವೇರ್ ಹಾಕಿಬಿಡುವುದು. ಫರ್ಮ್‌ವೇರ್ ಎಂದರೆ ಮಾನಿಟರಿನ ಹೊಟ್ಟೆಯೊಳಗೆ ಕೂತು ಅದನ್ನು ನಡೆಸುವ ಪಾಠ. ಪಾಠ ಯಾವ ತರಗತಿಯದು, ಎದುರಿಗೆ ಕೂತ ಮಗು ಯಾವ ತರಗತಿಯದು ಎಂದು ನೋಡುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ನೆಗಡಿಗೂ ಅದೇ ಕಷಾಯ, ಕಾಲು ಮುರಿದರೂ ಅದೇ ಕಷಾಯ.

ಕುರುಬರಹಳ್ಳಿಯ ಶಶಿಕಲಾಳ ಮಗಳು ಬಿಂದುಶ್ರೀ ತನ್ನ ಮಾನಿಟರನ್ನು ಅಲ್ಲಿಗೆ ಕೊಟ್ಟದ್ದು ಸಡಿಲವಾದ ಒಂದು ಬಟನ್ ಸರಿಮಾಡಿಸಲು. ಬಟನ್ ಗಟ್ಟಿಯಾಯಿತು, ಪರದೆ ಕೆಟ್ಟಿತು. ಆಟದಲ್ಲಿ ಓಡುವ ಪ್ರತಿ ಸೈನಿಕನೂ ಇಬ್ಬರಾಗಿ ಓಡತೊಡಗಿದ. ಹುಡುಗಿ ಗುಂಡು ಹೊಡೆದರೆ ಅದು ಇಲ್ಲದ ಸೈನಿಕನಿಗೆ ಬೀಳುತ್ತಿತ್ತು. ಓಡುವ ಚಿತ್ರ ಕಲಸಿಹೋಗದಂತೆ ಪರದೆಯ ಬೆಳಕನ್ನು ಮಿಟುಕಿಸುವ ಒಂದು ಸೌಕರ್ಯ ಅದರಲ್ಲಿತ್ತು. ಅದನ್ನು ಆಫ್ ಮಾಡಿದರೆ ಸೈನಿಕ ಒಬ್ಬನೇ ಆಗುತ್ತಿದ್ದ, ಆದರೆ ಒದ್ದೆ ಕೈಯಲ್ಲಿ ಒರೆಸಿದ ಕಾಡಿಗೆಯ ಹಾಗಿರುತ್ತಿದ್ದ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕೆಂಗೇರಿಯ ಅವಳ ಕಾಲೇಜಿನ ಗೇಮಿಂಗ್ ತಂಡಕ್ಕೆ ಆಯ್ಕೆ. ಆಡಬೇಕಾದ್ದು ಮನೆಯಿಂದ, ಇದೇ ಪರದೆಯ ಮುಂದೆ. ಐದು ಜನರ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಎರಡು ವರ್ಷ ಅದಕ್ಕಾಗಿಯೇ ಕೈ ಪಳಗಿಸಿದ್ದಳು.

ತಾಯಿ ಮಗಳು ಮಾನಿಟರನ್ನು ಹೊತ್ತು ಮತ್ತೆ ಹೋದರು. ಕೌಂಟರಿನ ಮಹದೇವ್ ಕತ್ತಿಗೆ ಪಟ್ಟಿ ನೇತುಹಾಕಿಕೊಂಡಿದ್ದ, ಪಟ್ಟಿಯ ತುದಿಯಲ್ಲಿ ‘ಸೀನಿಯರ್’ ಎಂದು ಬರೆದ ಕಾರ್ಡು. ಆ ಒಂದು ಪದದ ಗತ್ತಿಗೇ ಅವನ ಕತ್ತು ಬಾಗುತ್ತಿರಲಿಲ್ಲವೇನೋ. ಹೊಸ ಫರ್ಮ್‌ವೇರ್‌ನಲ್ಲಿ ಚಿತ್ರ ಮೊದಲಿಗಿಂತ ಚೊಕ್ಕವಾಗಿರುತ್ತದೆ, ಕಂಪನಿಯೇ ಹಾಗೆ ಹೇಳಿದೆ ಎಂದ. ಬಿಂದುಶ್ರೀ ಆಟ ಹಾಕಿ ಎರಡೆರಡು ಸೈನಿಕರನ್ನು ತೋರಿಸಿದಳು. ಅವನು ಅರೆಕ್ಷಣ ಬಗ್ಗಿ ನೋಡಿ, ತನಗೆ ಒಬ್ಬನೇ ಕಾಣುತ್ತಾನೆ ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಮಹಾಶಯ ಒಂದು ಹೆಜ್ಜೆ ಮುಂದೆ ಹೋಗಿ ನೋಡುವವರ ಕಣ್ಣೇ ಡೊಂಕು ಎಂದ.

“ಮಗಳಿಗೆ ಒಂದ್ಸಲ ಐ ಚೆಕಪ್ ಮಾಡ್ಸಿ ಆಂಟಿ. ಇದೆಲ್ಲ ಟೆಕ್ನಿಕಲ್ಲು, ನಿಮಗೆ ಗೊತ್ತಾಗಲ್ಲ.”

ಬಿಂದುಶ್ರೀಯ ಮುಖ ಬಿಳಿಚಿತು. ಶಶಿಕಲಾಗೆ ನಗು ಬಂತು. ಅವಳು ಕಾಮಾಕ್ಷಿಪಾಳ್ಯದ ಲೇಬಲ್ ಪ್ರೆಸ್ಸಿನಲ್ಲಿ ಹದಿನೆಂಟು ವರ್ಷದಿಂದ ಮಿಟುಕುವ ದೀಪ ಹಿಡಿದು ನಿಂತವಳು. ಅಲ್ಲಿ ಉಪ್ಪಿನಕಾಯಿ ಬಾಟಲಿಯ ಲೇಬಲುಗಳು ಕಣ್ಣಿಗೆ ಸಿಗದ ವೇಗದಲ್ಲಿ ಓಡುತ್ತವೆ. ಅಚ್ಚೊತ್ತುವ ಸಿಲಿಂಡರ್ ಒಂದು ಸುತ್ತು ಬರುವಷ್ಟರಲ್ಲಿ ದೀಪ ಒಮ್ಮೆ ಮಿಟುಕಿದರೆ ಲೇಬಲ್ ನಿಂತಂತೆ ಕಾಣುತ್ತದೆ, ಬಣ್ಣ ಗೆರೆ ದಾಟಿದ್ದರೆ ತಿಳಿಯುತ್ತದೆ. ಎರಡು ಸಲ ಮಿಟುಕಿದರೆ ಲೇಬಲಿನ ಒಂದು ಮಾವಿನಕಾಯಿ ಎರಡಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ದೀಪದ ತಿರುಪನ್ನು ತಪ್ಪಾಗಿ ತಿರುಗಿಸಿ, ಎರಡು ಮಾವಿನಕಾಯಿ ಕಂಡು ಹೌಹಾರಿ, ಮೆಷಿನ್ ನಿಲ್ಲಿಸಿ ಬೈಸಿಕೊಂಡಿದ್ದಳು. ಅಂಥ ತಪ್ಪನ್ನು ಮನುಷ್ಯರು ಒಮ್ಮೆ ಮಾಡುತ್ತಾರೆ. ಇಲ್ಲಿ ಅದನ್ನು ಪೆನ್‌ಡ್ರೈವಿನಲ್ಲಿ ತುಂಬಿ ಊರಿಗೆಲ್ಲ ಹಂಚುತ್ತಿದ್ದರು.

ಪಕ್ಕದ ಮೇಜಿನ ಮೇಲೆ ಅದೇ ಮಾಡೆಲಿನ, ಇನ್ನೂ ಕಷಾಯ ಕುಡಿಯದ ಮಾನಿಟರ್ ಒಂದಿತ್ತು. ಮಿಟುಕಿಸುವ ಸೌಕರ್ಯ ಹಾಕಿ ಎರಡರಲ್ಲೂ ಬರಿಯ ಬಿಳಿ ಪರದೆ ಇಡುವಂತೆ ಮಗಳಿಗೆ ಹೇಳಿದಳು. ಕೌಂಟರಿನ ಪೆನ್ನು ಎತ್ತಿಕೊಂಡು ಪಕ್ಕದ ಪರದೆಯ ಮುಂದೆ ಬೀಸಣಿಗೆಯಂತೆ ಆಡಿಸಿದಳು. ಒಂದೇ ಪೆನ್ನು ಬಾಚಣಿಗೆಯ ಹಲ್ಲುಗಳಂತೆ ಬಿಡಿಬಿಡಿಯಾಗಿ ಹಲವಾಯಿತು. ಅದೇ ವೇಗದಲ್ಲಿ ತಮ್ಮ ಪರದೆಯ ಮುಂದೆ ಆಡಿಸಿದಳು. ಹಲ್ಲುಗಳು ಹೇನು ತೆಗೆಯುವ ಸೀರಣಿಗೆಯಷ್ಟು ಒತ್ತೊತ್ತಾದವು.

“ಅಲ್ಲಿ ಚಿತ್ರಕ್ಕೊಂದು ಮಿಟುಕು, ಇಲ್ಲಿ ಚಿತ್ರಕ್ಕೆ ಎರಡು. ಜಾಸ್ತಿ ಸ್ಪೀಡಿನ ಮಾನಿಟರಿನ ಫೈಲ್ ಹಾಕಿದೀರ,” ಎಂದಳು. “ಕಣ್ಣಿನ ಡಾಕ್ಟ್ರು ನಮ್ಮನೆ ಹತ್ರಾನೇ ಇದಾರೆ. ಅಡ್ರೆಸ್ ಬೇಕಾ ಸಾರ್?”

ಕೂತಿದ್ದ ಇಬ್ಬರು ಗ್ರಾಹಕರು ತಮ್ಮ ತಮ್ಮ ಡಬ್ಬಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಮಹದೇವ್ ಪೆನ್ನು ಕಸಿದುಕೊಂಡು ತಾನೂ ಆಡಿಸಿ ನೋಡಿದ. ಆಮೇಲೆ ಅವರ ಮಾನಿಟರ್ ಎತ್ತಿಕೊಂಡು ಒಳಗೆ ಹೋದವನು ಮುಕ್ಕಾಲು ಗಂಟೆ ಬಿಟ್ಟು ಬಂದ. ಬಿಂದುಶ್ರೀ ಆಟ ಹಾಕಿದಳು. ಸೈನಿಕ ಒಬ್ಬನೇ, ಚೊಕ್ಕವಾಗಿ ಓಡಿದ. ಅವಳು ಉಸಿರು ಬಿಟ್ಟದ್ದು ತಾಯಿಗೆ ಕೇಳಿಸಿತು.

ಅಷ್ಟಕ್ಕೇ ಬಿಟ್ಟಿದ್ದರೆ ಅವನು ಮನುಷ್ಯನೆನಿಸುತ್ತಿದ್ದ. ಸಹಿಗೆ ಚಾಚಿದ ಹಾಳೆಯಲ್ಲಿ ಕಾರಣದ ಮುಂದೆ, ಗ್ರಾಹಕರು ಸೆಟ್ಟಿಂಗ್ ತಪ್ಪಾಗಿ ಬದಲಿಸಿದ್ದರು, ತಿಳಿವಳಿಕೆ ನೀಡಲಾಯಿತು ಎಂದು ಬರೆದಿದ್ದ. ಸಹಿ ಇಲ್ಲದೆ ಮಾನಿಟರ್ ಕೊಡುವಂತಿಲ್ಲ ಎಂದ. ಬಿಂದುಶ್ರೀಗೆ ಒಂಬತ್ತು ಗಂಟೆಯದೇ ಚಿಂತೆ. ಅವಳು ಪೆನ್ನಿಗೆ ಕೈ ಚಾಚಿದಳು.

“ತಾಳು,” ಎಂದು ಶಶಿಕಲಾ ಹಾಳೆಯನ್ನು ಅವನತ್ತ ತಳ್ಳಿದಳು. “ಬೇರೆ ಬರೀರಿ. ಇಲ್ಲಾಂದ್ರೆ ಇಲ್ಲೇ ಕೂತಿರ್ತೀನಿ. ಬರೋರಿಗೆಲ್ಲ ಪೆನ್ನು ಆಡ್ಸಿ ತೋರಿಸ್ತೀನಿ.”

ಬಾಗಿಲಲ್ಲಿ ಮತ್ತೊಬ್ಬರು ಡಬ್ಬ ಹೊತ್ತು ಬರುತ್ತಿದ್ದರು. ಮಹದೇವ್ ಅತ್ತ ನೋಡಿದ, ಪೆನ್ನಿನತ್ತ ನೋಡಿದ. ಹೊಸ ಹಾಳೆ ತೆಗೆದು ಕಾರಣದ ಜಾಗವನ್ನು ಖಾಲಿ ಬಿಟ್ಟು ಕೊಟ್ಟ. ಅಷ್ಟು ಕೊಟ್ಟದ್ದೇ ದೊಡ್ಡ ಔದಾರ್ಯ ಎಂದು ಅವನಿಗೆ ಅನಿಸಿದ್ದಿರಬೇಕು.

ಶಶಿಕಲಾ ಅದನ್ನು ಖಾಲಿ ಬಿಡಲಿಲ್ಲ. ಸೆಂಟರಿನವರು ತಪ್ಪು ಫೈಲ್ ಹಾಕಿದ್ದರು, ತಿಳಿವಳಿಕೆ ನೀಡಲಾಯಿತು ಎಂದು ದುಂಡಗಿನ ಅಕ್ಷರದಲ್ಲಿ ಬರೆದು, ಹಾಳೆಯನ್ನು ಮಗಳ ಮುಂದಿಟ್ಟಳು.

“ಈಗ ಹಾಕಮ್ಮ ಸೈನು.”